‘ವಿಗ್’ಗೆ ಕನ್ನಡದಲ್ಲಿ ಏನನ್ನೋಣ?

ಅಮೆರಿಕದ ಒಂದು ಕ್ರೈಮ್ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಬ್ಬನೇ ಮನುಷ್ಯ ಬೆಟ್ಟಿಂಗ್ ಬುಕ್ಕಿಯೂ ಹೌದು, ಸಾಲ ಕೊಡುವವನೂ ಹೌದು. ಎರಡೂ ಕಡೆ ಅವನಿಗೆ ಬರುವ ಹಣಕ್ಕೆ ಒಂದೇ ಪದ, ‘ವಿಗ್’. ಮೂರು ದಿನದಿಂದ ನನ್ನ ಗಾಡಿ ಅಲ್ಲೇ ನಿಂತಿದೆ.

ಪೂರ್ತಿ ಪದ ‘ವಿಗರಿಶ್’. ರಷ್ಯನ್ ಭಾಷೆಯ ‘ವಿಯಿಗ್ರಿಶ್’, ಅಂದರೆ ಗೆದ್ದ ಹಣ. ಅದು ಯಿಡ್ಡಿಷ್ ಮಾತಾಡುವವರ ಬಾಯಲ್ಲಿ ಅಮೆರಿಕಕ್ಕೆ ಬಂದು, 1910ರ ದಶಕದಲ್ಲಿ ಇಂಗ್ಲಿಷ್ ಬರಹಕ್ಕೆ ಇಳಿಯಿತು. ಗೆದ್ದವನ ಹಣದ ಹೆಸರು ಆಡಿಸುವವನ ಪಾಲಿನ ಹೆಸರಾಗಿಬಿಟ್ಟಿದೆ, ನೋಡಿ! ‘ಜೂಸ್’ ಅಂತಲೂ ಅನ್ನುತ್ತಾರೆ.

ಲೆಕ್ಕ ಸುಲಭ. 100 ಡಾಲರ್ ಗೆಲ್ಲಬೇಕಾದರೆ 110 ಕಟ್ಟಬೇಕು. ಎರಡು ತಂಡದ ಮೇಲೂ ಒಬ್ಬೊಬ್ಬರು ಕಟ್ಟಿದರೆ ಬುಕ್ಕಿಯ ಹತ್ತಿರ 220. ಗೆದ್ದವನಿಗೆ 210 ಕೊಟ್ಟರೆ 10 ಉಳಿಯಿತು. ಯಾರು ಗೆದ್ದರೂ ಅವನಿಗೆ ನೂರಕ್ಕೆ ನಾಲ್ಕೂವರೆ. ಸಾಲದ್ದು ಇನ್ನೂ ಒರಟು, ‘ಐದಕ್ಕೆ ಆರು’: ಈ ವಾರ 5 ತಗೊಂಡರೆ ಮುಂದಿನ ವಾರ 6 ಕೊಡಬೇಕು.

ಸಾಲದ ಕಡೆಗೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ‘ಬಡ್ಡಿ’ಯೇ ಹಳೆಯದು. ಸಂಸ್ಕೃತದ ವೃದ್ಧಿ ಪ್ರಾಕೃತದಲ್ಲಿ ಸವೆದು, ತಮಿಳಲ್ಲಿ ವಟ್ಟಿ, ತೆಲುಗಲ್ಲಿ ವಡ್ಡಿ, ನಮ್ಮಲ್ಲಿ ವಕಾರ ಬಕಾರವಾಗಿ ಬಡ್ಡಿ. ಅದರ ಮೇಲೆ ಚಕ್ರಬಡ್ಡಿ, ದಿನದ ಬಡ್ಡಿ, ವಾರದ ಬಡ್ಡಿ. ‘ಮೂರು ರೂಪಾಯಿ ಬಡ್ಡಿ’ ಅಂದರೆ ನೂರಕ್ಕೆ ತಿಂಗಳಿಗೆ ಮೂರು. ವರ್ಷಕ್ಕೆ 36 ಅಂದರೆ ಎದೆ ಧಸಕ್ಕೆನ್ನುತ್ತದೆ, ಮೂರು ರೂಪಾಯಿ ಅಂದರೆ ಏನೂ ಅನ್ನಿಸುವುದಿಲ್ಲ. ಇನ್ನು ‘ಮೀಟರ್ ಬಡ್ಡಿ’. ಸಿಗ್ನಲ್ಲಿನಲ್ಲಿ ಆಟೋ ನಿಂತರೂ ಮೀಟರ್ ಓಡುತ್ತಲೇ ಇರುತ್ತದೆ, ಅಲ್ವಾ? ಕಾನೂನು 2004ರಲ್ಲೇ ಇದನ್ನು ‘ಅಧಿಕ ಬಡ್ಡಿ’ ಎಂದು ಕರೆದು ನಿಷೇಧಿಸಿತು. 2018ರಲ್ಲಿ ಬೀದಿ ವ್ಯಾಪಾರಿಗಳಿಗೆ ‘ಬಡವರ ಬಂಧು’ ಎಂಬ ಬಡ್ಡಿಯಿಲ್ಲದ ಸಾಲವೂ ಬಂತು. ಜನರ ಬಾಯಲ್ಲಿ ಮಾತ್ರ ಈಗಲೂ ಮೀಟರ್ರೇ.

ಆದರೆ ನನಗೆ ಹೆಚ್ಚು ಇಷ್ಟವಾದದ್ದು ಒಂದು ಕ್ರಿಯಾಪದ: ಮುರ್ಕೊಳ್ಳೋದು. ‘ಹತ್ತು ಸಾವಿರಕ್ಕೆ ಬರೆಸಿಕೊಂಡ, ಬಡ್ಡಿ ಮುರ್ಕೊಂಡು ಎಂಟೂವರೆ ಕೈಗಿಟ್ಟ.’ ರೊಟ್ಟಿ ಕೊಡುವ ಮೊದಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ ಹಾಗೆ. ಮಾರ್ಕೆಟ್ಟಿನಲ್ಲಿ ಬೆಳಗ್ಗೆ 900 ತಗೊಂಡು ಸಂಜೆ 1000 ಕೊಡುವ ತರಕಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೂಜಿನ ಕಡೆಗೆ ಬಂದರೆ ಮಾತು ನಿಲ್ಲುತ್ತದೆ. ಓಸಿ ಅಥವಾ ಮಟಕಾ ತಗೊಳ್ಳಿ. ಕೇಸಿನ ಸುದ್ದಿಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ‘1 ರೂಪಾಯಿಗೆ 80 ರೂಪಾಯಿ ಕೊಡುವುದಾಗಿ ಹೇಳಿ ಚೀಟಿ ಬರೆದುಕೊಡುತ್ತಿದ್ದ.’ 00ರಿಂದ 99ರವರೆಗೆ ನೂರು ನಂಬರ್. ನೂರರ ಮೇಲೂ ಒಂದೊಂದು ರೂಪಾಯಿ ಬಿದ್ದರೆ, ಕೊಡುವುದು 80, ಉಳಿಯುವುದು 20. ಬುಕ್ಕಿಯ 20 ಇದೇ. ಅಮೆರಿಕದ ನಾಲ್ಕೂವರೆ ಎಲ್ಲಿ, ಇದೆಲ್ಲಿ! ಆದರೂ ಈ 20ಕ್ಕೆ ಹೆಸರು ನನ್ನ ಕಿವಿಗೆ ಬಿದ್ದಿಲ್ಲ. ಸಾಲಗಾರನ ಕಣ್ಣೆದುರೇ ಮುರಿಯುತ್ತಾರೆ, ಅದಕ್ಕೇ ಅವನ ಬಾಯಲ್ಲಿ ಮಾತು ಹುಟ್ಟಿತು. ಚೀಟಿ ಬರೆಸುವವನಿಗೆ ಕಾಣುವುದು ಎಂಬತ್ತು ಮಾತ್ರ. ಹೀಗಿರಬಹುದೇ? ಇಸ್ಪೀಟ್ ಆಡಲು ಜಾಗ ಕೊಟ್ಟವನು ಪ್ರತಿ ಆಟಕ್ಕೂ ಎತ್ತಿಟ್ಟುಕೊಳ್ಳುವ ಹಣಕ್ಕೆ ಹಿಂದಿಯಲ್ಲಿ ‘ನಾಲ್’ ಎಂಬ ಪದವಿದೆ.

‘ಕಮಿಷನ್’ ಹಾಕಿ ಮುಗಿಸಬಹುದು. ಆದರೆ ಅದು ಸೈಟ್ ಮಾರಿಸಿದವನಿಗೂ ಸಲ್ಲುತ್ತದೆ, ರೌಡಿಯ ಬಾಯಲ್ಲಿ ಸಪ್ಪೆ. ‘ದಲಾಲಿ’ ಅಂದರೆ ಮಂಡಿಯ ಅಡಿಕೆ, ಮೆಣಸಿನಕಾಯಿ ಕಣ್ಣಮುಂದೆ ಬರುತ್ತವೆ. ಸದ್ಯಕ್ಕೆ ‘ಈ ವಾರದ ಮುರ್ಕೊಳ್ಳೋದು ಎಲ್ಲಿ?’ ಎಂದು ಬರೆದಿಟ್ಟಿದ್ದೇನೆ. ಓದಿದರೆ ನನಗೇ ನಗು ಬರುತ್ತದೆ.

ನಿಮ್ಮ ಕಡೆ ಇಸ್ಪೀಟ್ ಮನೆಯಲ್ಲಿ, ಕೋಳಿ ಅಂಕದಲ್ಲಿ, ಐಪಿಎಲ್ ಬೆಟ್ಟಿಂಗಿನಲ್ಲಿ ಆಡಿಸುವವನ ಪಾಲಿಗೆ ಏನನ್ನುತ್ತಾರೆ? ಅದೇ ಪದ ಬಡ್ಡಿಗೂ ಸಲ್ಲುವುದಾದರೆ ಇನ್ನೂ ಒಳ್ಳೆಯದು. ಊರಿನ ಹೆಸರೂ ಬರೆಯಿರಿ. ಎಲ್ಲಿ ಕಲಿತಿರಿ ಅಂತ ಕೇಳುವುದಿಲ್ಲ.