ಕೊಡಗಿಗೆ ಕ್ಯಾರವಾನ್ ಟ್ರೈಲರ್ ಎಳೆದುಕೊಂಡು ಬರುವ ದಾರಿ: ಓಡಿಸಿದವರ ಅನುಭವಗಳು

ಬೆಂಗಳೂರಿನವರೊಬ್ಬರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಮೂರು ತಿಂಗಳ ಹಿಂದೆ ಹದಿನಾಲ್ಕು ಅಡಿ ಉದ್ದದ, ಒಂದೇ ಆಕ್ಸಲ್‌ನ ಕ್ಯಾರವಾನ್ ಟ್ರೈಲರೊಂದನ್ನು, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಚಕ್ರದ ಮನೆಯೊಂದನ್ನು ಕೊಂಡಿದ್ದು, ಇದುವರೆಗೆ ಅದನ್ನು ನಮ್ಮ ಡೀಸೆಲ್ ಎಸ್‌ಯುವಿಯ ಹಿಂದೆ ಕಟ್ಟಿ ತುಮಕೂರು, ಚಿತ್ರದುರ್ಗದ ಕಡೆಯ ನೇರ ಹೆದ್ದಾರಿಗಳಲ್ಲಿ ಮಾತ್ರ ಓಡಿಸಿದ್ದೇವೆ. ಜನವರಿಯಲ್ಲಿ ಮಾವನವರನ್ನೂ ಮಗಳನ್ನೂ ಕರೆದುಕೊಂಡು ಐದು ದಿನ ಕೊಡಗಿನಲ್ಲಿ ತಂಗಿ, ಅಲ್ಲಿಂದ ಮಂಗಳೂರಿಗೆ ಇಳಿಯಬೇಕೆಂದಿದ್ದೇವೆ. ಗಾಡಿ ಓಡಿಸುವವಳು ನಾನೇ. ಹುಣಸೂರಿನಿಂದ ಕುಶಾಲನಗರದ ಮೇಲೆ ಒಂದು, ಗೋಣಿಕೊಪ್ಪದ ಮೇಲೆ ಇನ್ನೊಂದು, ಹಾಸನದ ಕಡೆಯಿಂದ ಸೋಮವಾರಪೇಟೆಯ ಮೇಲೆ ಮತ್ತೊಂದು ಎಂದು ಮೊಬೈಲಿನ ಮ್ಯಾಪು ಮೂರು ದಾರಿಗಳನ್ನು ತೋರಿಸುತ್ತಿದೆ. ಟ್ರೈಲರ್ ಎಳೆದುಕೊಂಡು ಬರುವವರು ಯಾವ ದಾರಿ ಹಿಡಿಯಬೇಕು, ಘಾಟಿ ಇಳಿಯುವಾಗ ಯಾವುದಕ್ಕೆ ಹೆದರಬೇಕು ಎಂಬುದನ್ನು ಸ್ವತಃ ಓಡಿಸಿದವರು ದಯವಿಟ್ಟು ತಿಳಿಸಿಕೊಡಿ.

ಸುಂಟಿಕೊಪ್ಪದ ಬೆಳೆಗಾರರೊಬ್ಬರ ಉತ್ತರ

ಮೇಡಂ, ನಾನು ತೋಟದ ಜೀಪಿಗೆ ಟ್ರೈಲರ್ ಕಟ್ಟಿ ಗೊಬ್ಬರ, ಕಾಫಿ, ಕಾಳುಮೆಣಸು ಸಾಗಿಸುತ್ತಾ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ನಾಲ್ಕು ವರ್ಷಗಳಿಂದ ನನ್ನ ಭಾವನವರ ಕ್ಯಾರವಾನನ್ನೂ ಅವರೊಂದಿಗೆ ಸರದಿಯ ಮೇಲೆ ಓಡಿಸುತ್ತಿದ್ದೇನೆ. ಈ ಎರಡರಿಂದಲೂ ನಾನು ಕಲಿತದ್ದು ಒಂದೇ: ನಮ್ಮ ಜಿಲ್ಲೆಯಲ್ಲಿ ಟ್ರೈಲರ್‌ನ ದಾರಿಯನ್ನು ಕಿಲೋಮೀಟರ್ ಎಣಿಸಿ ಆರಿಸಬಾರದು, ಎಲ್ಲೆಲ್ಲಿ ನಿಲ್ಲಿಸಬಹುದು ಮತ್ತು ಎಲ್ಲೆಲ್ಲಿ ತಿರುಗಿಸಬಹುದು ಎಂಬುದನ್ನು ನೋಡಿ ಆರಿಸಬೇಕು. ಮ್ಯಾಪಿಗೆ ನಿಮ್ಮ ಹಿಂದೆ ಇನ್ನೊಂದು ಗಾಡಿ ಇರುವುದು ತಿಳಿಯುವುದಿಲ್ಲ. ಎರಡು ಕಿಲೋಮೀಟರ್ ಉಳಿಯುತ್ತದೆ ಎಂದರೆ ಸಾಕು, ತೋಟಗಳ ನಡುವಿನ ಒಂದೇ ಗಾಡಿ ಹಿಡಿಸುವ ಕಾಂಕ್ರೀಟು ರಸ್ತೆಗೂ ಅದು ನಿಮ್ಮನ್ನು ಇಳಿಸಿಬಿಡುತ್ತದೆ.

ಒಮ್ಮೆ ಮಾದಾಪುರದ ಕಡೆಯ ಒಂದು ತಿರುವಿನಲ್ಲಿ ನನ್ನ ಜೀಪಿಗೆ ಬಸ್ಸು ಎದುರಾಯಿತು. ಎಡಕ್ಕೆ ಚರಂಡಿ, ಬಲಕ್ಕೆ ಬರೆ (ಗುಡ್ಡ ಕಡಿದ ಮಣ್ಣಿನ ಗೋಡೆ), ಹಿಂದೆ ತುಂಬಿದ ಟ್ರೈಲರ್. ಹಿಮ್ಮುಖವಾಗಿ ಬರಲು ಹೋದರೆ ಟ್ರೈಲರ್ ಅಡ್ಡ ತಿರುಗಿ ಜೀಪಿನ ಕಡೆಗೆ ಮಡಚಿಕೊಳ್ಳುತ್ತಿತ್ತು. ಕೊನೆಗೆ ಮೂಟೆಗಳನ್ನೆಲ್ಲ ಇಳಿಸಿ, ಕೊಂಡಿ ಕಳಚಿ, ಬಸ್ಸಿನಿಂದ ಇಳಿದ ಆರು ಜನರ ಕೈಯಿಂದ ಟ್ರೈಲರನ್ನು ತಳ್ಳಿಸಿದೆ. ಅದು ಖಾಲಿ ಮಾಡಬಹುದಾದ ಪುಟ್ಟ ಟ್ರೈಲರ್ ಆಗಿದ್ದುದರಿಂದ ಅಷ್ಟಕ್ಕೆ ಮುಗಿಯಿತು. ಸಾವಿರ ಕಿಲೋಗಿಂತ ಹೆಚ್ಚು ತೂಗುವ ಕ್ಯಾರವಾನನ್ನು ಏರಿನಲ್ಲಿ ಮನುಷ್ಯರು ತಳ್ಳಲಾರರು. ಆದ್ದರಿಂದ ನೀವು ಬರುವ ಮುನ್ನ ಟ್ರೈಲರನ್ನು ಹಿಮ್ಮುಖವಾಗಿ ನಡೆಸುವುದನ್ನು ಖಾಲಿ ಮೈದಾನದಲ್ಲಿ ಎರಡು ಮೂರು ದಿನ ಅಭ್ಯಾಸ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಕೈಯನ್ನು ಸ್ಟೇರಿಂಗ್ ಚಕ್ರದ ಕೆಳತುದಿಯಲ್ಲಿ ಇಟ್ಟುಕೊಂಡರೆ ಸುಲಭ, ಏಕೆಂದರೆ ಕೈ ಯಾವ ಕಡೆಗೆ ಸರಿಯುತ್ತದೆಯೋ ಟ್ರೈಲರ್‌ನ ಹಿಂಭಾಗವೂ ಅದೇ ಕಡೆಗೆ ಹೋಗುತ್ತದೆ.

ದಾರಿಯ ವಿಷಯಕ್ಕೆ ಬಂದರೆ, ನಿಮಗೆ ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆಗಳ ಮೂಲಕ ಕುಶಾಲನಗರಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 275 ಒಂದೇ ದಾರಿ ಎಂದು ತಿಳಿಯಿರಿ. ಬೆಂಗಳೂರು–ಮೈಸೂರು ನಡುವಿನ ಹೊಸ ರಸ್ತೆಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳನ್ನು ಬಿಡುವುದಿಲ್ಲವಾದ್ದರಿಂದ ಅಲ್ಲಿ ಎಲ್ಲರೂ ವೇಗವಾಗಿಯೇ ಬರುತ್ತಾರೆ. ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ ಇದ್ದರೂ ನೀವು ಎಡಪಥದಲ್ಲಿ 70ರ ಆಸುಪಾಸಿನಲ್ಲೇ ಇರಿ. ಮೈಸೂರಿನ ಒಳಗೆ ಹೋಗದೆ ವರ್ತುಲ ರಸ್ತೆ ಹಿಡಿದು ಹಿನಕಲ್ ಬಳಿ ಹುಣಸೂರು ರಸ್ತೆಗೆ ಸೇರಬೇಕು. ಅಲ್ಲಿಂದ ಮುಂದೆ ಊರು ಬಂದಲ್ಲೆಲ್ಲ ಹಂಪುಗಳಿವೆ, ಕೆಲವಕ್ಕೆ ಬಣ್ಣವೂ ಇರುವುದಿಲ್ಲ. ಕಾರಿನ ಚಕ್ರಗಳು ದಾಟಿದ ಮೇಲೆ ವೇಗ ಹೆಚ್ಚಿಸಿದರೆ ಟ್ರೈಲರ್ ಎಗರಿ ಕೊಂಡಿಗೆ ಪೆಟ್ಟು ಕೊಡುತ್ತದೆ. ಅದರ ಚಕ್ರಗಳೂ ದಾಟುವವರೆಗೆ ತಾಳ್ಮೆ ಬೇಕು. ಡೀಸೆಲ್ಲನ್ನು ಹುಣಸೂರಿನ ಆಚೆಯೇ, ಒಳಗೆ ಹೋಗಲು ಒಂದು ಮತ್ತು ಹೊರಬರಲು ಇನ್ನೊಂದು ದಾರಿ ಇರುವ, ಲಾರಿಗಳು ನಿಲ್ಲುವಂಥ ಬಂಕಿನಲ್ಲಿ ತುಂಬಿಸಿಕೊಳ್ಳಿ.

ಕೊಪ್ಪದ ಬಳಿ ಕಾವೇರಿಯ ಸೇತುವೆ ದಾಟಿದರೆ ಕುಶಾಲನಗರ. ನನ್ನ ಸಲಹೆ ಏನೆಂದರೆ, ಟ್ರೈಲರ್ ಅಲ್ಲಿಯೇ, ಅಂದರೆ ಕುಶಾಲನಗರದ ಸುತ್ತಮುತ್ತ ಸಮತಟ್ಟಾದ ಒಂದು ಜಾಗದಲ್ಲಿ ಐದೂ ದಿನ ನಿಲ್ಲಲಿ. ದುಬಾರೆ, ನಿಸರ್ಗಧಾಮ, ಹಾರಂಗಿ, ಬೈಲುಕುಪ್ಪೆಯ ದೇವಾಲಯ ಇವೆಲ್ಲ ಹತ್ತಿರದಲ್ಲೇ ಇವೆ, ಮಡಿಕೇರಿಗೆ ಸುಮಾರು 30 ಕಿಲೋಮೀಟರ್ ಅಷ್ಟೆ. ಮಾವನವರನ್ನು ಕರೆದುಕೊಂಡು ಬರಿಯ ಕಾರಿನಲ್ಲಿ ಬೆಳಿಗ್ಗೆ ಹೊರಟು ಸಂಜೆ ಹಿಂದಿರುಗಬಹುದು. ಭಾಗಮಂಡಲದಿಂದ ತಲಕಾವೇರಿಗೆ ಏರುವ 8 ಕಿಲೋಮೀಟರಿಗೆ ಟ್ರೈಲರ್ ಒಯ್ಯುವ ಯೋಚನೆ ಇದ್ದರೆ ಈಗಲೇ ಕೈಬಿಡಿ. ಮಡಿಕೇರಿ ಪೇಟೆಯೂ ಅಷ್ಟೆ. ಅಲ್ಲಿನ ಏರುತಗ್ಗಿನ ಕಿರಿದಾದ ಬೀದಿಗಳಲ್ಲಿ ವಾರದ ಕೊನೆಗೆ ಕಾರಿಗೇ ಜಾಗ ಸಿಗುವುದಿಲ್ಲ.

ತಂಗುವ ಜಾಗವನ್ನು ಗೊತ್ತುಮಾಡುವಾಗ ಹೋಂಸ್ಟೇಯವರನ್ನು “ನಿಮ್ಮಲ್ಲಿ ಪಾರ್ಕಿಂಗ್ ಇದೆಯೇ” ಎಂದು ಕೇಳಬೇಡಿ, ಎಲ್ಲರೂ ಇದೆ ಎಂದೇ ಹೇಳುತ್ತಾರೆ. “ನಿಮ್ಮ ಕಣದವರೆಗೆ ಲಾರಿ ಬರುತ್ತದೆಯೇ, ಬಂದ ಲಾರಿಯನ್ನು ಎಲ್ಲಿ ತಿರುಗಿಸುತ್ತಾರೆ” ಎಂದು ಕೇಳಿ. ಲಾರಿ ಬಂದು ತಿರುಗುವ ಜಾಗಕ್ಕೆ ನಿಮ್ಮ ಟ್ರೈಲರ್ ಖಂಡಿತ ಬರುತ್ತದೆ. ಮುಖ್ಯ ರಸ್ತೆಯಿಂದ ತಿರುಗುವ ಗೇಟಿನ ಅಗಲ, ದಾರಿಯ ಮೇಲೆ ತಗ್ಗಾಗಿ ಹಾದಿರುವ ವಿದ್ಯುತ್ ತಂತಿ, ಬಾಗಿದ ಸಿಲ್ವರ್ ಓಕ್ ಕೊಂಬೆ ಇವುಗಳ ಫೋಟೋ ತರಿಸಿಕೊಂಡು ನೋಡುವುದು ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ರೈಲು ಮಾರ್ಗವೇ ಇಲ್ಲದ್ದರಿಂದ ತಗ್ಗಾದ ರೈಲ್ವೆ ಕೆಳಸೇತುವೆಗಳ ಭಯವಿಲ್ಲ, ಆದರೆ ಕೊಂಬೆಗಳು ಟ್ರೈಲರ್‌ನ ಮಾಡನ್ನು ಗೀರಿ ಹಾಕುತ್ತವೆ.

ಇನ್ನು ಮಂಗಳೂರಿಗೆ ಇಳಿಯುವುದು. ಕುಶಾಲನಗರದಿಂದ ಮಡಿಕೇರಿಗೆ ಏರುವುದು ನಿಧಾನವಾದ ಏರು. ಆನೆಕಾಡಿನ ಭಾಗವನ್ನು ಹಗಲಿನಲ್ಲಿ ದಾಟಿ, ಬೋಯಿಕೇರಿಯ ತಿರುವುಗಳಲ್ಲಿ ಎಚ್ಚರವಾಗಿದ್ದರೆ ಸಾಕು. ಮಡಿಕೇರಿಯಿಂದ ಸಂಪಾಜೆಯವರೆಗಿನ ಇಳಿತವೇ ಬೇರೆ. ಸುಮಾರು 1,150 ಮೀಟರ್ ಎತ್ತರದಿಂದ ಕಾಟಕೇರಿ, ಮದೆನಾಡು, ಜೋಡುಪಾಲ, ಕೊಯನಾಡುಗಳ ಮೂಲಕ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಹತ್ತಿರ ಹತ್ತಿರ 1,000 ಮೀಟರ್ ಕೆಳಗಿಳಿಯುತ್ತೀರಿ. ಹಳೆಯ ಲಾರಿ ಚಾಲಕರು ಹೇಳುವಂತೆ ಹತ್ತುವ ಗೇರಿನಲ್ಲೇ ಇಳಿಯಬೇಕು, ಮತ್ತು ಆ ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿರಬೇಕು. ನಿಮ್ಮ ಟ್ರೈಲರಿಗೆ ಕಾರನ್ನು ಒತ್ತಿದಾಗ ತಾನೇ ಹಿಡಿಯುವ ಬ್ರೇಕು ಇದ್ದರೆ ಇದು ಇನ್ನೂ ಮುಖ್ಯ. ನೀವು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಟ್ರೈಲರ್ ಕಾರನ್ನು ಒತ್ತುತ್ತಲೇ ಇರುತ್ತದೆ, ಅದರ ಬ್ರೇಕು ಬಿಡುವಿಲ್ಲದೆ ಕಾದು, ಬೇಕಾದಾಗ ಹಿಡಿಯುವುದೇ ಇಲ್ಲ. ಬಿಟ್ಟು ಬಿಟ್ಟು, ಗಟ್ಟಿಯಾಗಿ ಸ್ವಲ್ಪ ಹೊತ್ತು ಒತ್ತಿ, ಮತ್ತೆ ಪೂರ್ತಿ ಬಿಡಬೇಕು. ಸುಟ್ಟ ವಾಸನೆ ಬಂದರೆ ಅಗಲವಾದ ಕಡೆ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಅರ್ಧ ಗಂಟೆ ತಣಿಯಲು ಬಿಡಿ. ನೀರು ಮಾತ್ರ ಸುರಿಯಬೇಡಿ.

ತಿರುವಿನಲ್ಲಿ ಟ್ರೈಲರ್‌ನ ಚಕ್ರಗಳು ಕಾರಿನ ಚಕ್ರಗಳು ಹೋದ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತವೆ. ಎಡ ತಿರುವಿನಲ್ಲಿ ಒಳಗಡೆ ಎಂದರೆ ಚರಂಡಿ ಎಂಬುದನ್ನು ಮರೆಯಬಾರದು. ಗುಡ್ಡದ ಕಿರಿದಾದ ರಸ್ತೆಯಲ್ಲಿ ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ನೀವು ಇಳಿಯುವವರು, ಹಿಂದಕ್ಕೆ ಹೋಗುವುದೂ ನಿಮಗೆ ಕಷ್ಟ. ಆದ್ದರಿಂದ ಮುಂದಿನ ತಿರುವಿನ ಆಚೆ ಬಸ್ಸಿನ ಹಾರ್ನ್ ಕೇಳಿದ ಕೂಡಲೇ ಅಗಲವಾದ ಜಾಗದಲ್ಲಿ ನಿಂತುಬಿಡಿ, ಎದುರುಬದುರಾದ ಮೇಲೆ ಯೋಚಿಸುವುದು ಬೇಡ.

ಈ ರಸ್ತೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳದಿರಲು ಇನ್ನೊಂದು ಕಾರಣವಿದೆ. 2018ರ ಆಗಸ್ಟ್ ಮಳೆಯಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡಗಳೇ ಜಾರಿ, ಮನೆಗಳೂ ಜೀವಗಳೂ ಹೋಗಿ, ಈ ಹೆದ್ದಾರಿ ಕಡಿದುಹೋಗಿತ್ತು. 2024ರ ಜುಲೈನಲ್ಲಿ ಕರ್ತೋಜಿ ಬಳಿ ಬರೆ ಕುಸಿಯುವ ಭೀತಿಯಿಂದ ಕೆಲವು ದಿನ ರಾತ್ರಿ ಸಂಚಾರ ನಿಲ್ಲಿಸಿದ್ದರು. ಜನವರಿಯಲ್ಲಿ ನಿಮಗೆ ಈ ಭಯವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಟ್ರೈಲರ್ ತರಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಅರಕಲಗೂಡಿನವರೊಬ್ಬರ ಉತ್ತರ

ಸೋಮವಾರಪೇಟೆಯ ದಾರಿಯ ಬಗ್ಗೆ ಮೇಲಿನವರು ಹೇಳದೆ ಬಿಟ್ಟದ್ದನ್ನು ನಾನು ಸೇರಿಸುತ್ತೇನೆ. ಹಾಸನದ ಕಡೆಯಿಂದಲೇ ಬರಬೇಕಾದ ಅನಿವಾರ್ಯವಿದ್ದರೆ ಶನಿವಾರಸಂತೆ, ಸೋಮವಾರಪೇಟೆಗಳ ಮೇಲೆ ಹೋಗದೆ ಅರಕಲಗೂಡು, ಕೊಣನೂರು, ಹೆಬ್ಬಾಲೆ, ಕೂಡಿಗೆಗಳ ಮೂಲಕ ಕುಶಾಲನಗರಕ್ಕೆ ಬನ್ನಿ. ಈ ದಾರಿ ಬಹುಪಾಲು ಗದ್ದೆ ಬಯಲಿನ ನಡುವೆ ಹೋಗುತ್ತದೆ, ದೊಡ್ಡ ತಿರುವುಗಳಿಲ್ಲ. ಟ್ರ್ಯಾಕ್ಟರುಗಳ ಹಿಂದೆ ಸ್ವಲ್ಪ ಹೊತ್ತು ಸಾಗಬೇಕಾಗಬಹುದು. ಬಿಸಿಲೆ ಘಾಟಿಯ ಮೂಲಕ ಸುಬ್ರಹ್ಮಣ್ಯಕ್ಕೆ ಇಳಿಯುವ ದಾರಿಯನ್ನು ಮ್ಯಾಪು ಹತ್ತಿರವೆಂದು ತೋರಿಸಿದರೂ ಅದು ಕಾಡಿನ ನಡುವಿನ ಕಿರಿದಾದ ರಸ್ತೆ, ಟ್ರೈಲರಿಗೆ ತಕ್ಕದ್ದಲ್ಲ.

ಕಾಗದಪತ್ರದ ಬಗ್ಗೆಯೂ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರಿಗೂ ನೋಂದಣಿ ಬೇಕು, ಅದರ ಸ್ವಂತ ಸಂಖ್ಯೆಯ ಜೊತೆಗೆ ಎಳೆಯುವ ಕಾರಿನ ಸಂಖ್ಯೆಯೂ ಟ್ರೈಲರ್ ಮೇಲೆ ಕಾಣಬೇಕು. ನನ್ನ ಪರಿಚಯದವರೊಬ್ಬರು ಈ ಎರಡನೆಯ ಫಲಕವನ್ನು ಹಾಕಿಸದೆ ಬಂದು ತಪಾಸಣೆಯಲ್ಲಿ ಒಂದು ಗಂಟೆ ಕಳೆದರು.

ವಿರಾಜಪೇಟೆಯವರೊಬ್ಬರ ಉತ್ತರ

ಹುಣಸೂರಿನಿಂದ ಆನೆಚೌಕೂರು, ತಿತಿಮತಿಗಳ ಮೇಲೆ ಗೋಣಿಕೊಪ್ಪಕ್ಕೆ ಬರುವ ರಸ್ತೆ ತಿರುವಿನ ದೃಷ್ಟಿಯಿಂದ ಕಠಿಣವಲ್ಲ, ನಾನು ಅದರಲ್ಲಿ ಟ್ರೈಲರ್ ತಂದಿದ್ದೇನೆ. ಆದರೆ ಅದು ಆನೆಗಳ ದಾರಿ. ಕಾರು ಮಾತ್ರವಿದ್ದರೆ ಹಿಂದಕ್ಕೆ ಸರಿದೋ ತಿರುಗಿಸಿಕೊಂಡೋ ಹೊರಡಬಹುದು, ಟ್ರೈಲರ್ ಇದ್ದರೆ ಎರಡೂ ಆಗುವುದಿಲ್ಲ. ಎರಡು ವರ್ಷಗಳ ಹಿಂದೆ ಸಂಜೆಗತ್ತಲಲ್ಲಿ ಒಂದು ಹೆಣ್ಣಾನೆ ಮರಿಯೊಂದಿಗೆ ರಸ್ತೆಯಲ್ಲಿ ನಿಂತಿದ್ದಾಗ ನಾವು ದೀಪ ತಗ್ಗಿಸಿ, ಸದ್ದು ಮಾಡದೆ, ಇಪ್ಪತ್ತು ನಿಮಿಷ ಕುಳಿತಿದ್ದೆವು. ಅದು ತಾನಾಗಿ ಸರಿದುಹೋದದ್ದು ನಮ್ಮ ಪುಣ್ಯ. ಈ ದಾರಿಯಲ್ಲಿ ಬರುವವರು ಬೆಳಿಗ್ಗೆ ಎಂಟರ ನಂತರ, ಸಂಜೆ ನಾಲ್ಕರ ಒಳಗೆ ಬನ್ನಿ. ನಾಗರಹೊಳೆಯ ಒಳಗಿನಿಂದ ಕುಟ್ಟಕ್ಕೆ ಬರುವ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಹಗಲಿನಲ್ಲೂ ಅದು ನಿಮಗೆ ಬೇಡ. ಮಾಕುಟ್ಟದ ಘಾಟಿ ಕಣ್ಣೂರಿನ ಕಡೆಗೆ ಹೋಗುವವರಿಗೆ, ಮಂಗಳೂರಿಗೆ ಅದು ಸುತ್ತು.

ಪ್ರಶ್ನೆ ಕೇಳಿದವರು ಮತ್ತೆ

ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಕುಶಾಲನಗರದಲ್ಲೇ ಟ್ರೈಲರ್ ನಿಲ್ಲಿಸಲು ತೀರ್ಮಾನಿಸಿದ್ದೇವೆ. ಇನ್ನೆರಡು ಸಂದೇಹಗಳಿವೆ: ಟ್ರೈಲರ್‌ನ 100 ಲೀಟರ್ ನೀರಿನ ತೊಟ್ಟಿಯನ್ನು ಬೆಂಗಳೂರಿನಲ್ಲೇ ತುಂಬಿಸಬೇಕೇ? ದೊಡ್ಡ ಬಸ್ಸು ಪಕ್ಕದಲ್ಲಿ ದಾಟಿದಾಗ ಟ್ರೈಲರ್ ಅತ್ತಿತ್ತ ತೂಗಾಡಿದರೆ ಏನು ಮಾಡಬೇಕು?

ಸುಂಟಿಕೊಪ್ಪದ ಬೆಳೆಗಾರರ ಉತ್ತರ

ತೊಟ್ಟಿ ಖಾಲಿಯಾಗಿರಲಿ. ನೂರು ಲೀಟರ್ ಎಂದರೆ ನೂರು ಕಿಲೋ, ನಮ್ಮಲ್ಲಿ ನೀರಿಗೆ ಬರವಿಲ್ಲ, ಬಂದ ಮೇಲೆ ತುಂಬಿಸಿಕೊಳ್ಳಿ.

ತೂಗಾಟಕ್ಕೆ ಸಾಮಾನ್ಯವಾಗಿ ಕಾರಣ ಹಿಂಭಾರ. ಗ್ಯಾಸ್ ಸಿಲಿಂಡರು, ಕುರ್ಚಿ, ಪಾತ್ರೆಗಳನ್ನು ಹಿಂದಿನ ಕಪಾಟಿನಲ್ಲಿ ತುಂಬಿದರೆ ಕೊಂಡಿಯ ಮೇಲಿನ ಭಾರ ಕಡಿಮೆಯಾಗಿ ಟ್ರೈಲರ್ ಬಾಲ ಆಡಿಸಲು ಶುರುಮಾಡುತ್ತದೆ. ಭಾರವಾದದ್ದನ್ನೆಲ್ಲ ಆಕ್ಸಲ್‌ನ ಮೇಲೆ ಅಥವಾ ಸ್ವಲ್ಪ ಮುಂದೆ, ನೆಲಕ್ಕೆ ಹತ್ತಿರವಾಗಿ ಇಡಿ. ಒಟ್ಟು ತೂಕದ ಹತ್ತನೆಯ ಒಂದು ಭಾಗದಷ್ಟು ಕೊಂಡಿಯ ಮೇಲೆ ಬರುವಂತೆ ನಾವು ನೋಡಿಕೊಳ್ಳುತ್ತೇವೆ; ನಿಮ್ಮ ಕಾರಿನ ಕೈಪಿಡಿಯಲ್ಲಿ ಕೊಂಡಿಗೆ ಅದಕ್ಕಿಂತ ಕಡಿಮೆ ಮಿತಿ ಇದ್ದರೆ ಆ ಮಿತಿಯನ್ನೇ ಪಾಲಿಸಬೇಕು. ಸಾಮಾನು ತುಂಬಿದ ಮೇಲೆ ಒಮ್ಮೆ ವೇಬ್ರಿಡ್ಜಿನಲ್ಲಿ ತೂಗಿಸಿ. ಓಡುವಾಗ ತೂಗಾಟ ಬಂದರೆ ಬ್ರೇಕು ಒತ್ತಬೇಡಿ, ಸ್ಟೇರಿಂಗನ್ನು ಎದುರು ದಿಕ್ಕಿಗೆ ತಿರುಗಿಸಲೂ ಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗನ್ನು ನೇರವಾಗಿ ಹಿಡಿದುಕೊಂಡರೆ ವೇಗ ಇಳಿದಂತೆ ತೂಗಾಟವೂ ನಿಲ್ಲುತ್ತದೆ. ಸುರಕ್ಷತೆಯ ಎರಡು ಸರಪಳಿಗಳನ್ನು ಕೊಂಡಿಯ ಕೆಳಗೆ ಅಡ್ಡಡ್ಡವಾಗಿ ಹಾಕುವುದನ್ನು ಮರೆಯಬೇಡಿ, ಕೊಂಡಿ ಕಳಚಿದರೂ ಟ್ರೈಲರ್‌ನ ಮೂತಿ ರಸ್ತೆಗೆ ಬಡಿಯದೆ ಸರಪಳಿಯ ಮೇಲೆ ನಿಲ್ಲುತ್ತದೆ.

ಇನ್ನೊಂದು ಮಾತು. ಜನವರಿ ನಮ್ಮಲ್ಲಿ ಕಾಫಿ ಕೊಯ್ಲಿನ ಕಾಲ. ಲಾರಿ ತಿರುಗುವ ಕಣ ಎಂದು ನಾನು ಹೇಳಿದ ಜಾಗದಲ್ಲೇ ಆಗ ಕಾಫಿ ಹಣ್ಣು ಒಣಗುತ್ತಿರಬಹುದು. ಹೊರಡುವ ಹಿಂದಿನ ದಿನ ಜಾಗದವರಿಗೆ ಕರೆ ಮಾಡಿ, ಕಣದಲ್ಲಿ ಕಾಫಿ ಹರಡಿದೆಯೇ, ಹರಡಿದ್ದರೆ ಟ್ರೈಲರಿಗೆ ಬೇರೆ ಯಾವ ಜಾಗ ಕೊಡುತ್ತೀರಿ ಎಂದು ಕೇಳಿಕೊಂಡೇ ಹೊರಡಿ.