ಇಥೀರಿಯಂನ ಮೊದಲ ಬ್ಲಾಕ್‌ಗಳು ಖಾಲಿಯಿದ್ದುದೇಕೆ?

ಪ್ರಶ್ನೆ:
ವಹಿವಾಟುಗಳನ್ನು ‘ಬ್ಲಾಕ್’ ಎಂಬ ಕಂತೆಗಳ ಸರಣಿಯಾಗಿ ಹಲವು ಕಂಪ್ಯೂಟರ್‌ಗಳಲ್ಲಿ ದಾಖಲಿಸುವ ಇಥೀರಿಯಂ ಜಾಲವು ‘ಫ್ರಾಂಟಿಯರ್’ ಎಂಬ ಹೆಸರಿನಲ್ಲಿ 2015ರ ಜುಲೈ 30ರಂದು ಆರಂಭವಾಯಿತು. ಆದರೆ ಅದರ ಮೊದಲ ವಹಿವಾಟು ಕಾಣಸಿಗುವುದು ಆಗಸ್ಟ್ 7ರಂದು, 46,147ನೇ ಬ್ಲಾಕ್‌ನಲ್ಲಿ. ಅಲ್ಲಿಯವರೆಗಿನ ಬ್ಲಾಕ್‌ಗಳೆಲ್ಲ ಖಾಲಿ. ಇದು ತಾಂತ್ರಿಕ ದೋಷವೋ, ಬೇಕೆಂದೇ ಮಾಡಿದ್ದೋ? ಈಥರ್ ಎಂಬ ನಾಣ್ಯವಿರುವಾಗ ‘ಗ್ಯಾಸ್’ ಎಂಬ ಇನ್ನೊಂದು ಅಳತೆ ಏಕೆ ಬೇಕಾಯಿತು ಎಂಬುದನ್ನೂ ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಬೇಕೆಂದೇ ಮಾಡಿದ್ದು. ಆರಂಭದಲ್ಲಿ ಒಂದು ಬ್ಲಾಕ್‌ನ ಗ್ಯಾಸ್ (ಜಾಲ ಮಾಡುವ ಲೆಕ್ಕಾಚಾರದ ಅಳತೆ) ಮಿತಿಯನ್ನು 5,000ಕ್ಕೆ ಕಟ್ಟಿಹಾಕಲಾಗಿತ್ತು. ಅತ್ಯಂತ ಸರಳವಾದ ಹಣ ವರ್ಗಾವಣೆಗೂ 21,000 ಗ್ಯಾಸ್ ಬೇಕಿದ್ದುದರಿಂದ ಯಾವ ವಹಿವಾಟೂ ಒಳಸೇರುವಂತಿರಲಿಲ್ಲ. ಹೊಸ ಬ್ಲಾಕ್‌ಗಳನ್ನು ರಚಿಸುತ್ತಿದ್ದ ಮೈನರ್‌ಗಳಿಗೆ ಮಾತ್ರ ಪ್ರತಿ ಬ್ಲಾಕ್‌ಗೆ 5 ಈಥರ್ ಸಿಗುತ್ತಿತ್ತು. ಯಂತ್ರಗಳು ಜಾಲಕ್ಕೆ ಸೇರಿ ಸ್ಥಿರಗೊಂಡ ಬಳಿಕ ತಂತ್ರಾಂಶದ ಹೊಸ ಆವೃತ್ತಿಯ ಮೂಲಕ ಮಿತಿಯನ್ನು ಹಂತ ಹಂತವಾಗಿ ಏರಿಸಲಾಯಿತು. ಮೊದಲ ಬ್ಲಾಕ್ ಕೂಡ ಯಾರೋ ಕೈಗಿಟ್ಟ ಸಿದ್ಧವಸ್ತುವಾಗಿರಲಿಲ್ಲ: ‘ಒಲಿಂಪಿಕ್’ ಎಂಬ ಪರೀಕ್ಷಾ ಜಾಲದ 1028201ನೇ ಬ್ಲಾಕ್‌ನ ಹ್ಯಾಶ್ (ಅದರ ದತ್ತಾಂಶದಿಂದ ಲೆಕ್ಕ ಹಾಕಿದ ಗುರುತು) ಹೊರಬಿದ್ದ ನಂತರ, ಅದನ್ನು ಸೇರಿಸಿ ಬಳಕೆದಾರರೇ ತಮ್ಮ ತಮ್ಮ ಕಂಪ್ಯೂಟರ್‌ನಲ್ಲಿ ಮೊದಲ ಬ್ಲಾಕ್ ಅನ್ನು ರಚಿಸಿಕೊಳ್ಳಬೇಕಿತ್ತು.

ಉತ್ತರ 2:
ಗ್ಯಾಸ್ ಬಗ್ಗೆ ನಾನು ಬರೆಯುತ್ತೇನೆ. ಬಿಟ್‌ಕಾಯಿನ್‌ನ ಸ್ಕ್ರಿಪ್ಟ್ ಭಾಷೆಯಲ್ಲಿ ಲೂಪ್ (ಒಂದೇ ಸೂಚನೆಗಳನ್ನು ಮತ್ತೆ ಮತ್ತೆ ಓಡಿಸುವ ವ್ಯವಸ್ಥೆ) ಇಲ್ಲ, ಹಾಗಾಗಿ ಅಲ್ಲಿ ಕೊನೆಯಿಲ್ಲದೆ ಓಡುವ ಪ್ರೋಗ್ರಾಂ ಎಂಬ ಭಯವೂ ಇಲ್ಲ. ಇಥೀರಿಯಂನ ರೂವಾರಿ ವಿಟಾಲಿಕ್ ಬುಟೆರಿನ್ 2013ರ ಕೊನೆಯಲ್ಲಿ ಮುಂದಿಟ್ಟ ಯೋಜನೆಯು ಯಾವ ಬಗೆಯ ಪ್ರೋಗ್ರಾಂ ಆದರೂ ಜಾಲದ ಮೇಲೆಯೇ ಓಡಲಿ ಎಂದು ಬಯಸಿತು. ಆದರೆ ಒಂದು ಪ್ರೋಗ್ರಾಂ ಎಂದಾದರೂ ನಿಲ್ಲುವುದೇ ಎಂಬುದನ್ನು ಓಡಿಸುವ ಮುನ್ನವೇ ಹೇಳಬಲ್ಲ ಸಾರ್ವತ್ರಿಕ ವಿಧಾನವಿಲ್ಲ ಎಂಬುದು 1936ರಲ್ಲೇ ಗಣಿತಜ್ಞ ಅಲನ್ ಟ್ಯೂರಿಂಗ್ ಸಾಧಿಸಿ ತೋರಿಸಿದ ವಿಷಯ. ಆದ್ದರಿಂದ ಪ್ರತಿ ಸೂಚನೆಗೂ ಇಂತಿಷ್ಟು ಗ್ಯಾಸ್ ಎಂದು ನಿಗದಿಪಡಿಸಿದರು. ಕಳುಹಿಸುವವನು ಇಟ್ಟ ಗ್ಯಾಸ್ ಮುಗಿದರೆ ಓಟ ಅಲ್ಲಿಗೇ ನಿಲ್ಲುತ್ತದೆ, ಆಗಿದ್ದ ಬದಲಾವಣೆಗಳು ರದ್ದಾಗುತ್ತವೆ, ಶುಲ್ಕ ಮಾತ್ರ ವಾಪಸ್ ಬರುವುದಿಲ್ಲ.

ಇನ್ನು ನಾಣ್ಯ ಬೇರೆ, ಅಳತೆ ಬೇರೆ ಏಕೆ ಎಂದರೆ, ಗಿರಣಿಯಲ್ಲಿ ರಾಗಿಯ ತೂಕ ಬೇರೆ, ಬೀಸುವ ದರ ಬೇರೆ ಇರುವಂತೆಯೇ. ಯಾವ ಸೂಚನೆಗೆ ಎಷ್ಟು ಗ್ಯಾಸ್ ಎಂಬ ಪಟ್ಟಿ ನಿಯಮದಲ್ಲಿರುತ್ತದೆ (ಇಥೀರಿಯಂನ ಸಹಸ್ಥಾಪಕ ಗ್ಯಾವಿನ್ ವುಡ್ 2014ರಲ್ಲಿ ಸಿದ್ಧಪಡಿಸಿದ ‘ಯೆಲ್ಲೋ ಪೇಪರ್’ ಎಂಬ ತಾಂತ್ರಿಕ ವಿವರಣೆ ನೋಡಿ). ಒಂದು ಗ್ಯಾಸ್‌ಗೆ ಎಷ್ಟು ಈಥರ್ ಎಂಬುದು ಮಾತ್ರ ಬೇಡಿಕೆಗೆ ತಕ್ಕಂತೆ ಏರಿಳಿಯುತ್ತದೆ.

ಉತ್ತರ 3:
ಮೇಲಿನವರ ವಿವರಣೆ ಸರಿ, ಆದರೆ ಆ ಪಟ್ಟಿಯನ್ನು ಅಷ್ಟೊಂದು ನಂಬುವಂತಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಇನ್ನೊಂದು ಖಾತೆಯಲ್ಲಿರುವ ಪ್ರೋಗ್ರಾಂನ ಕೋಡ್ ಎಷ್ಟು ದೊಡ್ಡದೆಂದು ಕೇಳುವ ಸೂಚನೆಗೆ ಕೇವಲ 20 ಗ್ಯಾಸ್ ಇಟ್ಟಿದ್ದರು. ವಾಸ್ತವದಲ್ಲಿ ಅದಕ್ಕೆ ಪ್ರತಿ ಕಂಪ್ಯೂಟರೂ ಡಿಸ್ಕ್‌ನಿಂದ ಓದಬೇಕಿತ್ತು. 2016ರ ಸೆಪ್ಟೆಂಬರ್‌ನಲ್ಲಿ ದಾಳಿಕೋರರು ಇದನ್ನೇ ಒಂದೇ ಬ್ಲಾಕ್‌ನಲ್ಲಿ ಸಾವಿರಾರು ಬಾರಿ ಕೇಳಿ ಇಡೀ ಜಾಲವನ್ನು ಕುಂಟುವಂತೆ ಮಾಡಿದರು. ಮರುತಿಂಗಳು ನಿಯಮವನ್ನೇ ತಿದ್ದಿ ಆ ಬೆಲೆಯನ್ನು 700ಕ್ಕೆ ಏರಿಸಬೇಕಾಯಿತು.