ಅಪ್‌ಡೇಟ್: ಮಾದರಿ ರೈಲಿನ ಲೂಪ್‌ನ ದೂರದ ತುದಿಯಲ್ಲಿ ಇಂಜಿನ್ ನಿಧಾನವಾಗುತ್ತಿದ್ದದ್ದು ಸರಿಹೋಯಿತು

8×4 ಅಡಿ ಪ್ಲೈವುಡ್ ಮೇಲಿನ ಎಚ್‌ಓ (1:87 ಅಳತೆಯ ಮಾದರಿ ರೈಲು) ಲೂಪ್‌ನಲ್ಲಿ, ಕಂಟ್ರೋಲರ್‌ನಿಂದ ದೂರದ ಕಡೆ ಇಂಜಿನ್ ಏಕೆ ಸೊರಗುತ್ತದೆ ಎಂದು ಹಿಂದೆ ಕೇಳಿದ್ದೆ. ವೋಲ್ಟೇಜ್ ಇಳಿಯುತ್ತಿದ್ದದ್ದು ಹಳಿಯ ಜಾಯಿನರ್‌ಗಳಲ್ಲಿ (ಹಳಿ ತುಂಡುಗಳನ್ನು ಜೋಡಿಸುವ ಚಿಕ್ಕ ಪಟ್ಟಿ). ಇದನ್ನು ಇಂಜಿನ್ ಓಡುವಾಗಲೇ ಅಳೆಯಬೇಕು. ಲೋಡ್ ಇಲ್ಲದೆ ಮಲ್ಟಿಮೀಟರ್ ಇಟ್ಟರೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ತೋರಿಸುತ್ತದೆ. ಓಡುವಾಗ ಹತ್ತಿರ 11.8, ಆ ತುದಿಯಲ್ಲಿ 9.6 ವೋಲ್ಟ್ ಇತ್ತು.

ಈಗ ಹಲಗೆಯಡಿ ಮನೆ ವೈರಿಂಗ್‌ನ 1.5 ಸ್ಕ್ವೇರ್ ಎಂಎಂ ವೈರು, ಕೆಂಪು ಒಂದು, ಕಪ್ಪು ಒಂದು, ಬಸ್ ಆಗಿ (ಕರೆಂಟ್ ಸಾಗಿಸುವ ಮುಖ್ಯ ತಂತಿಯಾಗಿ) ಹೋಗಿದೆ. ಅದರಿಂದ ಪ್ರತಿ 3 ಅಡಿಗೆ ಎರಡೂ ಹಳಿಗೆ 0.5 ಸ್ಕ್ವೇರ್ ಎಂಎಂ ಫೀಡರ್ (ಬಸ್‌ನಿಂದ ಹಳಿಗೆ ಹೋಗುವ ಸಣ್ಣ ವೈರು). ಬೆಸುಗೆ ಹಳಿಯ ಹೊರಬದಿಗೇ ಇರಲಿ, ಒಳಬದಿಯ ಗಂಟು ಚಕ್ರದ ಅಂಚಿಗೆ ತಾಗುತ್ತದೆ. ಮೊದಲು ಅರದಿಂದ ಉಜ್ಜಿ ಹೊಳಪು ಬರಿಸಿ, ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಪೇಸ್ಟ್) ಹಚ್ಚಿ, 40 ವ್ಯಾಟ್ ಐರನ್ ಎರಡು-ಮೂರು ಸೆಕೆಂಡ್ ಒತ್ತಿದರೆ ಸಾಕು. ಅಕ್ಕಪಕ್ಕದ ಪ್ಲಾಸ್ಟಿಕ್ ಸ್ಲೀಪರ್ ಮೇಲೆ ಒದ್ದೆ ಹತ್ತಿ ಇಡಿ, ಕರಗುವುದಿಲ್ಲ.

ಜಾಯಿನರ್‌ಗಳನ್ನೆಲ್ಲ ಬೆಸೆಯಬೇಡಿ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ತಗಡಿನ ಸೂರಿನ ಕೋಣೆಯಲ್ಲಿ ಹಳಿ ಹಿಗ್ಗಿ ಪಕ್ಕಕ್ಕೆ ಬಾಗುತ್ತದೆ. ಮೀಟರಿಗೊಮ್ಮೆ ಅರ್ಧ ಮಿ.ಮೀ. ಸಂದು ಬಿಡಿ, ಫೀಡರ್ ಇರುವುದರಿಂದ ಕರೆಂಟ್‌ಗೆ ತೊಂದರೆಯಿಲ್ಲ.

ಪಾಯಿಂಟ್ಸ್ (ರೈಲು ಹಳಿ ಬದಲಿಸುವ ಜಾಗ) ಲೋಹದ ಲೈವ್ ಫ್ರಾಗ್‌ನದ್ದಾದರೆ (ಎರಡು ಹಳಿ ಸಂಧಿಸುವ ತುಣುಕೇ ಫ್ರಾಗ್, ಲೈವ್ ಅಂದರೆ ಅದರಲ್ಲೂ ಕರೆಂಟ್ ಇರುತ್ತದೆ), ಫ್ರಾಗ್ ದಾಟಿದ ಒಳಗಿನ ಎರಡು ಹಳಿಗೂ ಪ್ಲಾಸ್ಟಿಕ್ ಜಾಯಿನರ್ ಕಡ್ಡಾಯ. ಇಲ್ಲದಿದ್ದರೆ ಆ ಕಡೆಯ ಫೀಡರ್‌ನಿಂದಲೇ ಶಾರ್ಟ್ ಆಗುತ್ತದೆ.